ಶುಕ್ರವಾರ ಸೋತರೆ ಶನಿವಾರ ಉಂಟು

ಓಣಂ ರಜೆಯಲ್ಲಿ ಕೊಯಮುತ್ತೂರಿಗೆ ಹೋಗಿದ್ದೆವು. ನನ್ನ ಹೆಂಡತಿಯ ತಂಗಿಯ ಸಂಸಾರ ಅಲ್ಲಿ ನೆಲೆಸಿ ಇಪ್ಪತ್ತೈದು ವರ್ಷ ದಾಟಿತು. ಅವಳ ಮಗಳು ಬಿ.ಕಾಂ. ಕೊನೆಯ ವರ್ಷದ ವಿದ್ಯಾರ್ಥಿನಿ, ಕಾಲೇಜಿನ ಹಾಕಿ ತಂಡದಲ್ಲಿ ಸೆಂಟರ್ ಹಾಫ್. ನಾವು ಹೋದ ವಾರವೇ ನಗರದಲ್ಲಿ ಮಹಿಳೆಯರ ಅಂತರ ಕಾಲೇಜು ಹಾಕಿ ಪಂದ್ಯಾಟವಿತ್ತು. ಶುಕ್ರವಾರ ಬೆಳಿಗ್ಗೆ ಅವಳ ತಂಡದ ಮೊದಲ ಪಂದ್ಯ. ನಾನೂ ಹೋಗಿ ಮೈದಾನದ ಬದಿಯ ಬೇವಿನ ಮರದಡಿ ಕುಳಿತೆ.

ಎರಡೂ ಕಡೆಯವರು ಸಮಸಮವಾಗಿ ಆಡಿದರು. ಕೊನೆಯ ಗಳಿಗೆಯಲ್ಲಿ ಎದುರಾಳಿಗಳಿಗೆ ದೊರೆತ ಪೆನಾಲ್ಟಿ ಕಾರ್ನರ್ ಗೋಲಾಯಿತು. ಒಂದು ಗೋಲಿನಿಂದ ಸೋಲು. ಹುಡುಗಿ ಬೆವರು ಒರೆಸಿಕೊಳ್ಳುತ್ತ ಬಂದು ನನ್ನ ಪಕ್ಕದಲ್ಲಿ ಕುಳಿತಳು.

"ದೊಡ್ಡಪ್ಪ, ನನ್ನ ಕಾಲೇಜು ಹಾಕಿ ಇವತ್ತಿಗೆ ಮುಗಿಯಿತು."

"ಯಾಕೆ, ನಾಳೆ ಪಂದ್ಯ ಇಲ್ಲವಾ?"

"ಇದು ನಾಕೌಟ್. ಸೋತವರಿಗೆ ನಾಳೆ ಇಲ್ಲ."

ವರ್ಷವಿಡೀ ಬೆಳಗಿನ ಐದು ಗಂಟೆಗೆ ಎದ್ದು ಮೈದಾನಕ್ಕೆ ಓಡಿದ ಹುಡುಗಿಗೆ ದೊರೆತದ್ದು ಒಂದೇ ಒಂದು ಪಂದ್ಯ. ನಾನು ಮಾಸ್ತರಿಕೆಯವನು. ಒಂದೇ ಒಂದು ಪ್ರಶ್ನೆ ಕೇಳಿ, ಉತ್ತರ ತಪ್ಪಿದರೆ "ಇನ್ನು ಮುಂದಿನ ವರ್ಷ ಬಾ" ಎಂದು ತರಗತಿಯಿಂದ ಹೊರಗೆ ಕಳುಹಿಸಿದಂತೆ ಕಂಡಿತು ನನಗೆ.

ಮಂಜುಗಡ್ಡೆಯ ಮೇಲಿನ ಹಾಕಿ

ಆ ರಾತ್ರಿ ಊಟವಾದ ಮೇಲೆ ಅವಳು ತನ್ನ ಮೊಬೈಲಿನಲ್ಲಿ ಒಂದು ಆಟದ ಕೊನೆಯ ಭಾಗವನ್ನು ತೋರಿಸಿದಳು. ಅದು ಅಮೆರಿಕದ ಕಾಲೇಜು ಹೆಣ್ಣುಮಕ್ಕಳ ಐಸ್ ಹಾಕಿ. 2025ರ ಮಾರ್ಚ್ 23ರಂದು ಮಿನ್ನಿಯಾಪೊಲಿಸ್ ನಗರದಲ್ಲಿ ನಡೆದ ರಾಷ್ಟ್ರೀಯ ಫೈನಲ್. ವಿಸ್ಕಾನ್ಸಿನ್ ಮತ್ತು ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯಗಳ ತಂಡಗಳು.

ಹುಲ್ಲಿನ ಹಾಕಿ ಬಲ್ಲ ನಮಗೆ ಈ ಆಟ ಹೊಸದು. ನೆಲವೆಲ್ಲ ಮಂಜುಗಡ್ಡೆ, ಕಾಲಿಗೆ ಅಲಗಿನ ಬೂಟು, ಚೆಂಡಿನ ಬದಲು ರಬ್ಬರಿನ ಚಪ್ಪಟೆ ಬಿಲ್ಲೆ. ಒಂದೊಂದು ಕಡೆಯಲ್ಲಿ ಗೋಲಿಯೂ ಸೇರಿ ಆರೇ ಮಂದಿ. ಇಪ್ಪತ್ತಿಪ್ಪತ್ತು ನಿಮಿಷದ ಮೂರು ಅವಧಿ. ವೇಗ ಎಷ್ಟೆಂದರೆ ಒಬ್ಬಳು ಒಂದು ನಿಮಿಷವೂ ಸತತ ಆಡುವುದಿಲ್ಲ. ಆಟ ನಡೆಯುತ್ತಿರುವಾಗಲೇ ಒಬ್ಬರು ಹೊರಗೆ ಬಂದು ಇನ್ನೊಬ್ಬರು ಒಳಗೆ ಜಿಗಿಯುತ್ತಾರೆ.

ಒಹಾಯೊ ಸ್ಟೇಟ್ 3-2ರಿಂದ ಮುಂದಿತ್ತು. ಇಪ್ಪತ್ತು ಸೆಕೆಂಡೂ ಉಳಿದಿರಲಿಲ್ಲ. ಅಷ್ಟರಲ್ಲಿ ವಿಸ್ಕಾನ್ಸಿನ್‌ಗೆ ಪೆನಾಲ್ಟಿ ದೊರೆಯಿತು. ಕರ್ಸ್ಟನ್ ಸಿಮ್ಸ್ ಎಂಬವಳು ಅದನ್ನು ಗೋಲು ಮಾಡಿ ಸಮ ಮಾಡಿದಳು. ಹೆಚ್ಚುವರಿ ಅವಧಿಯಲ್ಲಿ ಮತ್ತೊಂದು ಹೊಡೆದು ಗೆಲ್ಲಿಸಿದಳು. ಆ ವರ್ಷ ವಿಸ್ಕಾನ್ಸಿನ್ ಆಡಿದ್ದು 41 ಪಂದ್ಯ: 38 ಗೆಲುವು, 2 ಡ್ರಾ, ಸೋಲು ಒಂದೇ. ಅದು ಆ ತಂಡದ ಎಂಟನೇ ರಾಷ್ಟ್ರೀಯ ಪ್ರಶಸ್ತಿ.

ನನಗೆ ಆ ಗೋಲುಗಳಿಗಿಂತ ಈ 41 ಎಂಬ ಸಂಖ್ಯೆಯೇ ತಲೆಯಲ್ಲಿ ಉಳಿಯಿತು. ನಮ್ಮ ಹುಡುಗಿಗೆ ದೊರೆತದ್ದು ಒಂದು.

ಎಂಟು ಕಾಲೇಜುಗಳ ತಿರುಗಾಟ

ಅಷ್ಟು ಪಂದ್ಯಗಳು ಎಲ್ಲಿಂದ ಬಂದವು? ಅಲ್ಲಿ ಕಾನ್ಫರೆನ್ಸ್ ಎಂದರೆ ಭಾಷಣದ ಸಭೆಯಲ್ಲ, ಕೆಲವು ಕಾಲೇಜುಗಳು ಆಟಕ್ಕೆಂದೇ ಕಟ್ಟಿಕೊಂಡ ಒಕ್ಕೂಟ. ವಿಸ್ಕಾನ್ಸಿನ್ ಇರುವುದು ವೆಸ್ಟರ್ನ್ ಕಾಲೇಜಿಯೇಟ್ ಹಾಕಿ ಅಸೋಸಿಯೇಶನ್ ಎಂಬ ಒಕ್ಕೂಟದಲ್ಲಿ. ಅದರ ಮಹಿಳಾ ವಿಭಾಗ ಆಟ ಆರಂಭಿಸಿದ್ದು 1999ರಲ್ಲಿ. ಈಗ ಎಂಟು ತಂಡಗಳಿವೆ; ಆರು ಮಿನ್ನೆಸೋಟ ಎಂಬ ಒಂದೇ ರಾಜ್ಯದವು.

ಒಂದೊಂದು ತಂಡವೂ ಉಳಿದ ಏಳರ ಜೊತೆ ನಾಲ್ಕು ನಾಲ್ಕು ಸಲ ಆಡಬೇಕು. ಏಳು ನಾಲ್ಕಲಿ ಇಪ್ಪತ್ತೆಂಟು ಪಂದ್ಯ. ಇವನ್ನು ಸಾಮಾನ್ಯವಾಗಿ ವಾರದ ಕೊನೆಗೆ ಜೋಡಿಯಾಗಿ ಇಡುತ್ತಾರೆ: ಶುಕ್ರವಾರ ಒಂದು, ಮರುದಿನ ಶನಿವಾರ ಅದೇ ಎದುರಾಳಿಯ ಜೊತೆ ಅದೇ ಅಂಗಣದಲ್ಲಿ ಇನ್ನೊಂದು. ಶುಕ್ರವಾರ ಏಕೆ ಸೋತೆವು ಎಂದು ರಾತ್ರಿ ಕುಳಿತು ಯೋಚಿಸಿ, ಶನಿವಾರ ತಿದ್ದಿಕೊಳ್ಳಬಹುದು. ನಿಗದಿತ ಸಮಯದಲ್ಲೇ ಗೆದ್ದರೆ ಮೂರು ಅಂಕ. ಪಂದ್ಯ ಸಮವಾಗಿ ಮುಂದುವರಿದರೆ ಗೆದ್ದವರಿಗೆ ಎರಡು, ಸೋತವರಿಗೂ ಒಂದು.

ಲೀಗ್ ಮುಗಿದ ಮೇಲೂ ಎಂಟು ತಂಡಗಳಲ್ಲಿ ಯಾರನ್ನೂ ಮನೆಗೆ ಕಳುಹಿಸುವುದಿಲ್ಲ. ಮೂರರಲ್ಲಿ ಎರಡು ಗೆಲ್ಲಬೇಕಾದ ಸರಣಿ ಉಂಟು. ಒಂದೇ ಸೋಲಿಗೆ ಹೊರಬೀಳುವ ಹಂತ ಅದರ ಬಳಿಕ. ಅಷ್ಟರಲ್ಲಿ ಎಲ್ಲಕ್ಕಿಂತ ಕೆಳಗಿರುವ ತಂಡದ ಹುಡುಗಿಯೂ ಮೂವತ್ತರಷ್ಟು ಪಂದ್ಯ ಆಡಿ ಪಳಗಿರುತ್ತಾಳೆ.

ನಮ್ಮ ಯಕ್ಷಗಾನ ಮೇಳಗಳ ತಿರುಗಾಟವೂ ಇದೇ ಅಲ್ಲವೇ? ಗೆಜ್ಜೆ ಕಟ್ಟಿದ ಮೇಳ ಪತ್ತನಾಜೆಯವರೆಗೆ ಊರೂರು ಸುತ್ತುತ್ತದೆ. ಬಾಲಗೋಪಾಲ ವೇಷದ ಹುಡುಗ ಒಂದು ರಾತ್ರಿ ತಾಳ ತಪ್ಪಿದರೆ ಮರುರಾತ್ರಿ ತಿದ್ದಿಕೊಳ್ಳುತ್ತಾನೆ. ಒಂದು ರಾತ್ರಿಯ ತಪ್ಪಿಗೆ ಅವನ ವರ್ಷದ ಗೆಜ್ಜೆ ಬಿಚ್ಚಿಸಿದ್ದರೆ ನಮಗೆ ಕಲಾವಿದರೇ ಇರುತ್ತಿರಲಿಲ್ಲ.

ಈ ಪದ್ಧತಿಯ ಫಲವೂ ಕಣ್ಣೆದುರಿಗಿದೆ. ಅಮೆರಿಕದ ಕಾಲೇಜು ಹೆಣ್ಣುಮಕ್ಕಳಿಗೆ ರಾಷ್ಟ್ರೀಯ ಐಸ್ ಹಾಕಿ ಪ್ರಶಸ್ತಿ ಆರಂಭವಾದ 2001ರಿಂದ 2013ರವರೆಗೆ ಪ್ರತಿ ವರ್ಷ ಗೆದ್ದದ್ದು ಈ ಒಕ್ಕೂಟದ ತಂಡಗಳೇ. 2023, 2024, 2025, ಮೂರೂ ವರ್ಷ ಫೈನಲಿನಲ್ಲಿ ಎದುರುಬದುರಾದದ್ದು ವಿಸ್ಕಾನ್ಸಿನ್ ಮತ್ತು ಒಹಾಯೊ ಸ್ಟೇಟ್. 2024ರಲ್ಲಿ ಒಂದೇ ಗೋಲಿನಿಂದ ಸೋತ ವಿಸ್ಕಾನ್ಸಿನ್ ಮರುವರ್ಷ ಗೆದ್ದಿತು.

ಇದೆಲ್ಲ ಅವರಿಗೆ ತಾನಾಗಿ ಬಂದದ್ದಲ್ಲ. ಗಂಡುಮಕ್ಕಳ ಕಾಲೇಜು ಐಸ್ ಹಾಕಿಗೆ ರಾಷ್ಟ್ರೀಯ ಪ್ರಶಸ್ತಿ ಬಂದದ್ದು 1948ರಲ್ಲಿ. ಸರಕಾರದ ಹಣ ಪಡೆಯುವ ವಿದ್ಯಾಸಂಸ್ಥೆ ಹೆಣ್ಣು ಗಂಡೆಂದು ಭೇದ ಮಾಡಕೂಡದು ಎಂಬ ಕಾನೂನು 1972ರಲ್ಲಿ ಆಯಿತು. ಆಮೇಲೂ ಹೆಣ್ಣುಮಕ್ಕಳು ಸುಮಾರು ಮೂವತ್ತು ವರ್ಷ ಕಾಯಬೇಕಾಯಿತು.

ನಮ್ಮ ಏಣಿ

ನಮ್ಮಲ್ಲಿ ವ್ಯವಸ್ಥೆಯೇ ಇಲ್ಲವೆಂದಲ್ಲ. ಅಂತರ ಕಾಲೇಜು ಕೂಟ, ಅದರಿಂದ ವಿಶ್ವವಿದ್ಯಾನಿಲಯದ ತಂಡ, ಆಮೇಲೆ ದಕ್ಷಿಣ ವಲಯ, ಅಲ್ಲಿ ಮೊದಲ ನಾಲ್ಕು ಸ್ಥಾನ ಪಡೆದವರಿಗೆ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಪಂದ್ಯಾಟ. ಕೊಯಮುತ್ತೂರು, ತಿರುಪ್ಪೂರು ಜಿಲ್ಲೆಗಳ ಕಾಲೇಜುಗಳು ಭಾರತಿಯಾರ್ ವಿಶ್ವವಿದ್ಯಾನಿಲಯಕ್ಕೆ ಸೇರಿದವು. ನಮ್ಮ ಕಾಸರಗೋಡಿನವು ಕಣ್ಣೂರಿಗೆ. ಗಡಿಯಾಚೆ ಓದುವ ನಮ್ಮ ಮಕ್ಕಳ ಕಾಲೇಜುಗಳು ಮಂಗಳೂರಿಗೆ. ಮೂರೂ ಒಂದೇ ದಕ್ಷಿಣ ವಲಯ. ಆದುದರಿಂದ ಇದು ದೂರದ ಊರಿನ ಕಥೆಯಲ್ಲ, ನಮ್ಮ ಮನೆಯ ಹುಡುಗಿಯರ ಕಥೆಯೂ ಹೌದು.

ಏಣಿಯೇನೋ ಉಂಟು. ಆದರೆ ಮೊದಲ ಮೆಟ್ಟಿಲಲ್ಲಿ ಜಾರಿದವರಿಗೆ ಆ ವರ್ಷ ಮತ್ತೆ ಕಾಲಿಡಲು ಜಾಗವಿಲ್ಲ. ಸೋತ ತಂಡದ ಒಳ್ಳೆಯ ಆಟಗಾರ್ತಿಯನ್ನು ಆಯ್ಕೆಗೆ ಕರೆಯುವುದುಂಟು ಎನ್ನುತ್ತಾರೆ. ಒಂದು ಪಂದ್ಯ ನೋಡಿ ಯಾರು ಒಳ್ಳೆಯವಳೆಂದು ಹೇಗೆ ತಿಳಿಯುವುದು?

ಸೋತ ಮೇಲೂ ಆಡಲು ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿಯುಂಟು. ಮಹಿಳಾ ಹಾಕಿ ಮೊದಲ ಬಾರಿಗೆ ಒಲಿಂಪಿಕ್ಸ್ ಸೇರಿದ್ದು 1980ರಲ್ಲಿ, ಮಾಸ್ಕೋದಲ್ಲಿ. ಆರು ತಂಡಗಳು, ಎಲ್ಲರಿಗೂ ಎಲ್ಲರ ಜೊತೆ ಪಂದ್ಯ. ಬೆಂಗಳೂರಿನ ರೂಪಾ ಸೈನಿ, ಕೇರಳದ ಓಮನಾ ಕುಮಾರಿ ಇದ್ದ ನಮ್ಮ ತಂಡ ಎರಡು ಗೆದ್ದು, ಒಂದು ಸಮ ಮಾಡಿ, ಎರಡು ಸೋತು ನಾಲ್ಕನೇ ಸ್ಥಾನ ಪಡೆಯಿತು. ಐಸ್ ಹಾಕಿಯಲ್ಲೂ ಹಾಗೆಯೇ. ಹೆಚ್ಚಾಗಿ ಲಡಾಖಿನ ಹುಡುಗಿಯರೇ ಇರುವ ಭಾರತ ತಂಡ 2016ರಲ್ಲಿ ತನ್ನ ಮೊದಲ ಅಂತಾರಾಷ್ಟ್ರೀಯ ಕೂಟದಲ್ಲಿ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. 2017ರಲ್ಲಿ ಬ್ಯಾಂಕಾಕಿನಲ್ಲಿ ಮೊದಲ ಗೆಲುವು ಕಂಡಿತು. 2025ರ ಏಷ್ಯಾ ಕಪ್‌ನಲ್ಲಿ ಕಂಚು ತಂದಿತು.

ಬೇಕಾದದ್ದು ಮಂಜುಗಡ್ಡೆಯಲ್ಲ

ಅಮೆರಿಕದವರ ಹಣ ನಮ್ಮಲ್ಲಿ ಎಲ್ಲಿ ಎಂದು ಯಾರಾದರೂ ಕೇಳಿಯಾರು. ಸರಿಯಾದ ಪ್ರಶ್ನೆಯೇ. ಆದರೆ ಹೆಚ್ಚು ಪಂದ್ಯ ಆಡಿಸಲು ಐಸ್ ಅಂಗಣ ಬೇಡ. ಆ ಒಕ್ಕೂಟದಲ್ಲಿ ಬೆಮಿಜಿಯ ಹುಡುಗಿಯರು ಒಹಾಯೊಗೆ ಹೋಗಲು ಸಾವಿರ ಕಿಲೋಮೀಟರಿಗೂ ಹೆಚ್ಚು ಪ್ರಯಾಣ ಮಾಡಬೇಕು. ಕೊಯಮುತ್ತೂರಿನಿಂದ ತಿರುಪ್ಪೂರಿಗೆ ಸುಮಾರು ಐವತ್ತು ಕಿಲೋಮೀಟರು, ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ಮಧ್ಯಾಹ್ನ ಮರಳಬಹುದು.

ನಾಲ್ಕೇ ಕಾಲೇಜುಗಳು ಸೇರಿಕೊಳ್ಳಲಿ. ತಮ್ಮ ಮೈದಾನದಲ್ಲಿ ಒಮ್ಮೆ, ಎದುರಾಳಿಯ ಮೈದಾನದಲ್ಲಿ ಒಮ್ಮೆ ಆಡಲಿ. ಒಟ್ಟು ಹನ್ನೆರಡು ಪಂದ್ಯ, ಒಂದೊಂದು ತಂಡಕ್ಕೆ ಆರು. ಇದಕ್ಕೆ ಬೇಕಾದದ್ದು ಆರು ಶನಿವಾರ, ಇಬ್ಬರು ಅಂಪೈರು, ಬಸ್ ಚಾರ್ಜು. 2025ರ ಜನವರಿಯಲ್ಲಿ ರಾಂಚಿಯಲ್ಲಿ ನಡೆದ ಮೊದಲ ಮಹಿಳಾ ಹಾಕಿ ಇಂಡಿಯಾ ಲೀಗಿನಲ್ಲೂ ಇದ್ದದ್ದು ನಾಲ್ಕೇ ತಂಡ. ನಮ್ಮ ಜಿಲ್ಲೆಯ ಶಾಲಾ ಕಾಲೇಜುಗಳಲ್ಲಿ ಕಬಡ್ಡಿಗೆ, ವಾಲಿಬಾಲಿಗೆ ಕೂಡ ಇದೇ ಲೆಕ್ಕ ಸಲ್ಲುತ್ತದೆ. ಪೀಟಿ ಮಾಸ್ತರರೂ ಹೆತ್ತವರೂ ಒಮ್ಮೆ ಕುಳಿತು ಯೋಚಿಸಬೇಕು.

ಮರುದಿನ ಶನಿವಾರ. ಅಭ್ಯಾಸ ಬಲದಿಂದ ಹುಡುಗಿ ಐದು ಗಂಟೆಗೇ ಎದ್ದಳು. ಹಲ್ಲುಜ್ಜಿ, ಬೂಟು ಕಟ್ಟಿಕೊಂಡು ಬಾಗಿಲ ತನಕ ಬಂದಳು. ಅಲ್ಲಿ ನೆನಪಾಗಿರಬೇಕು. ಹೊಸ್ತಿಲ ಮೇಲೆ ಕುಳಿತು ಬೂಟು ಬಿಚ್ಚಿದಳು. ಒಳಗಿನಿಂದ ಅವಳ ಅಮ್ಮ, "ಇನ್ನಾದರೂ ನಿದ್ದೆ ಮಾಡು ಮಗಳೇ" ಎಂದಳು.

ಅವಳಿಗೆ ಬೇಕಾಗಿದ್ದದ್ದು ನಿದ್ದೆಯಲ್ಲ, ಇನ್ನೊಂದು ಪಂದ್ಯ. ಅವಳ ಕಾಲ ಮುಗಿಯಿತು. ಈಗ ಎಂಟನೇ ತರಗತಿಯಲ್ಲಿ ಸ್ಟಿಕ್ಕು ಹಿಡಿಯಲು ಕಲಿಯುತ್ತಿರುವವಳಿಗಾದರೂ ಒಂದು ಶನಿವಾರವನ್ನು ನಾವು ಉಳಿಸಿ ಕೊಡಬೇಡವೇ?