ನೆರೆಮನೆಗೆ ಹೋಗುವ ದಾರಿ

ಅಕ್ಕಂದಿರೇ, ಘಟ್ಟದ ಮೇಲಿನ ಊರುಗಳನ್ನು ನೀವು ನೋಡಿರಬಹುದು. ಅಲ್ಲಿ ಮನೆಗೆ ಮನೆ ತಾಗಿಕೊಂಡಿರುತ್ತದೆ. ನಮ್ಮ ಪಂಜದ ಕಡೆ ಹಾಗಲ್ಲ. ಒಂದು ಮನೆ ಗುಡ್ಡೆಯ ಬುಡದಲ್ಲಿ. ಇನ್ನೊಂದು ತೋಟದ ಆಚೆ. ನಡುವೆ ತೋಡು. ತೋಡಿಗೆ ಅಡಿಕೆ ಮರದ ಸಂಕ. ಸಂಕ ದಾಟಿದರೆ ಬೇಲಿ, ಬೇಲಿಗೊಂದು ತಡಮೆ. ಇಷ್ಟೆಲ್ಲ ದಾಟಿ ಹೆಂಗಸರು ಮೊದಲು ದಿನಕ್ಕೊಮ್ಮೆಯಾದರೂ ನೆರೆಮನೆಗೆ ಹೋಗುತ್ತಿದ್ದರು. ಈಗ ತಿಂಗಳಾದರೂ ಹೋಗುವುದಿಲ್ಲ.

ಯಾಕೆ ಹೀಗಾಯಿತು? ಈಗಿನವರಿಗೆ ಪ್ರೀತಿ ಇಲ್ಲ ಎಂದು ಅಜ್ಜಿಯಂದಿರು ಹೇಳುತ್ತಾರೆ. ಟಿ.ವಿ., ಮೊಬೈಲು ಬಂದು ಹಾಳಾಯಿತು ಎನ್ನುವವರೂ ಇದ್ದಾರೆ. ಅದೂ ಸ್ವಲ್ಪ ನಿಜವೇ. ಆದರೆ ದೊಡ್ಡ ಕಾರಣ ಬೇರೆ. ಮೊದಲು ಯಾರೂ ಬರೇ ಮಾತಾಡಲಿಕ್ಕೆ ಅಂತ ಹೋಗುತ್ತಿರಲಿಲ್ಲ. ಕೆಲಸ ಇತ್ತು, ಹೋಗುತ್ತಿದ್ದರು. ಮಾತು ಕೆಲಸದ ಜೊತೆಗೆ ಬರುತ್ತಿತ್ತು.

ಅಡಿಕೆ ಸುಲಿಯುವುದನ್ನೇ ನೋಡಿ. ಹಣ್ಣಡಿಕೆಯನ್ನು ಅಂಗಳದಲ್ಲಿ 40–45 ದಿನ ಒಣಗಿಸಬೇಕು. ಆಮೇಲೆ ಒಂದೊಂದೇ ಅಡಿಕೆಯ ಸಿಪ್ಪೆ ಬಿಡಿಸಬೇಕು. ಒಬ್ಬರು ಕೂತರೆ ಮುಗಿಯುವ ಕೆಲಸ ಅಲ್ಲ. ರಾತ್ರಿ ಊಟ ಮುಗಿಸಿ ಅಕ್ಕಪಕ್ಕದವರು ಸೂಟೆ ಹಿಡಿದು ಬರುತ್ತಿದ್ದರು. ಜಗಲಿಯಲ್ಲಿ ದೀಪದ ಸುತ್ತ ಕೂರುತ್ತಿದ್ದರು. ಕೈಗೆ ಕೆಲಸ ಇತ್ತು, ಬಾಯಿ ಖಾಲಿ ಇತ್ತು. ಯಾರ ಮಗಳಿಗೆ ಸಂಬಂಧ ಬಂತು, ಯಾರ ದನ ಕರು ಹಾಕಿತು, ಯಾವ ಸೊಸೆ ಅತ್ತುಕೊಂಡು ಕೂತಿದ್ದಾಳೆ, ಎಲ್ಲ ಅಲ್ಲಿ ಗೊತ್ತಾಗುತ್ತಿತ್ತು. ಕತೆ, ಒಗಟು, ನಗೆ. ನಡುವೆ ಒಮ್ಮೆ ಚಾ, ಅವಲಕ್ಕಿ. ಇವತ್ತು ನಮ್ಮ ಮನೆಯಲ್ಲಿ, ನಾಳೆ ನಿಮ್ಮ ಮನೆಯಲ್ಲಿ. ಈಗ ಸುಲಿಯುವ ಯಂತ್ರ ಬಂದಿದೆ. ಅದರ ಸದ್ದಿಗೆ ಮಾತು ಕೇಳಿಸುವುದಿಲ್ಲ. ಬೇಗ ಕೆಲಸ ಮುಗಿಸಿ ಅದು ಮುಂದಿನ ಮನೆಗೆ ಹೋಗುತ್ತದೆ. ಮನೆಯಿಂದ ಮನೆಗೆ ಹೋಗುವುದು ಈಗ ಯಂತ್ರ ಮಾತ್ರ!

ಗದ್ದೆಯ ಕತೆಯೂ ಇದೇ. ನೇಜಿ ನೆಡಲು ಸಾಲಾಗಿ ಹೆಂಗಸರು ಬೇಕಿತ್ತು. ಗದ್ದೆಗಳು ಅಡಿಕೆ ತೋಟ ಆದವು, ರಬ್ಬರ್ ಆದವು. ನೇಜಿ ಹೋಯಿತು, ಓಬೇಲೆ ಹಾಡೂ ಹೋಯಿತು. ಬಾವಿಗೆ ಪಂಪು ಬಂತು. ಗ್ಯಾಸ್ ಬಂತು, ಕೆಂಡ ಕೇಳಲು ಯಾರೂ ಬರುವುದಿಲ್ಲ. ಬೀಡಿ ಕಟ್ಟುವವರು ಇನ್ನೂ ಒಟ್ಟಿಗೆ ಕೂರುವುದುಂಟು. ಅವರೂ ಕಡಿಮೆಯಾಗಿದ್ದಾರೆ.

ಇದಕ್ಕೆಲ್ಲ ಅಳುವುದು ಬೇಡ. ನೇಜಿ ನೆಟ್ಟವರಿಗೆ ಸೊಂಟದ ನೋವು ಗೊತ್ತು. ಇನ್ನೊಂದು ಮಾತೂ ಹೇಳಬೇಕು. ಆ ಜಗಲಿಯಲ್ಲಿ ಎಲ್ಲರಿಗೂ ಜಾಗ ಇರಲಿಲ್ಲ. ಜಾತಿ ನೋಡಿ ಕೆಲವರನ್ನು ಅಂಗಳದಲ್ಲೇ ನಿಲ್ಲಿಸುತ್ತಿದ್ದರು. ಅವರು ಬಾವಿಕಟ್ಟೆ ಮುಟ್ಟಲಿಕ್ಕಿರಲಿಲ್ಲ. ಎತ್ತರದಿಂದ ಕೈಗೆ ನೀರು ಹೊಯ್ಯುತ್ತಿದ್ದರು. ಅಂಥವರ ಮನೆಗೆ ನಲ್ಲಿ ಬಂದದ್ದು ಮರ್ಯಾದೆಯೇ ಬಂದ ಹಾಗೆ. ಹಳೆಯದೆಲ್ಲ ಚಿನ್ನ ಎಂದರೆ ನಾನು ಒಪ್ಪುವುದಿಲ್ಲ.

ಆದರೆ ಒಂದು ಕಷ್ಟ ಉಳಿದಿದೆ. ಮಕ್ಕಳು ಮಂಗಳೂರು, ಬೆಂಗಳೂರು, ಗಲ್ಫ್ ಸೇರಿದ್ದಾರೆ. ಮನೆಯಲ್ಲಿ ವಯಸ್ಸಾದ ಇಬ್ಬರು, ಕೆಲವು ಕಡೆ ಒಬ್ಬರೇ. ರಾತ್ರಿ ಹಾವು ಕಚ್ಚಿತು ಅಂತ ಇಟ್ಟುಕೊಳ್ಳಿ. 108 ಆಂಬುಲೆನ್ಸ್ ನಮ್ಮ ರಾಜ್ಯದಲ್ಲಿ 2008ರಿಂದ ಇದೆ. ಅದು ರಸ್ತೆಯವರೆಗೆ ಬರುತ್ತದೆ. ಸಂಕದ ಮೇಲೆ ಬರುವುದಿಲ್ಲ. ಹಾವು ಕಚ್ಚಿದವರು ನಡೆಯಬಾರದು, ನಡೆದರೆ ವಿಷ ಬೇಗ ಹರಡುತ್ತದೆ. ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಬರಬೇಕು. ಹೊರಲು ನಾಲ್ಕು ಜನ ಬೇಕು. ನಾವು ವರ್ಷವಿಡೀ ಮಾತಾಡಿಸದ ಮನೆಯವರನ್ನು ನಡುರಾತ್ರಿ ಹೇಗೆ ಕರೆಯುವುದು?

ದೂರದ ದೇಶಗಳಿಗೂ ಈ ಚಿಂತೆ ಹಿಡಿದಿದೆ. ಬ್ರಿಟನ್ ಸರಕಾರ 2018ರಲ್ಲಿ ಒಂಟಿತನದ ವಿಷಯ ನೋಡಿಕೊಳ್ಳಲು ಒಬ್ಬ ಮಂತ್ರಿಯನ್ನೇ ನೇಮಿಸಿತು. ಜಪಾನಿನವರು 2021ರಲ್ಲಿ ನೇಮಿಸಿದರು. (ಮಂತ್ರಿ ಬಂದು ಜಗಲಿಯಲ್ಲಿ ಕೂರುತ್ತಾರೋ ಏನೋ!)

ನಮ್ಮಲ್ಲಿ ಸಂಘಗಳು ಇವೆಯಲ್ಲ ಎಂದು ನೀವು ಕೇಳಬಹುದು. ಇವೆ. ಸ್ತ್ರೀಶಕ್ತಿ ಸಂಘಗಳು 2000-01ರಲ್ಲಿ ಶುರುವಾದವು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಪ್ರಗತಿಬಂಧು ಸಂಘಗಳಲ್ಲಿ ಒಂದು ಒಳ್ಳೆಯ ಪದ್ಧತಿ ತಂದರು. ವಾರಕ್ಕೊಂದು ದಿನ ಒಬ್ಬರ ಜಾಗದಲ್ಲಿ ಎಲ್ಲರೂ ಸೇರಿ ದುಡಿಯುವುದು. ಹಳೆಯ ಮುಯ್ಯಿಯೇ ಅದು. ಆದರೆ ಎಷ್ಟೋ ಕಡೆ ಸಂಘದ ಸಭೆ ಎಂದರೆ ಕಂತು ಕಟ್ಟುವುದು, ಸಹಿ ಹಾಕುವುದು, ಓಡುವುದು. ಕಂತಿಗೆ ಹಣ ಇಲ್ಲದವಳು ಆ ದಿನ ಬರುವುದೇ ಇಲ್ಲ. ಅವಳ ಕಷ್ಟ ಯಾರಿಗೂ ಗೊತ್ತಾಗುವುದಿಲ್ಲ. ಕಂತು ಮುಗಿದ ಮೇಲೆ ಅರ್ಧ ಗಂಟೆ ಕೂತರೆ ಏನು ನಷ್ಟ? ಬಾರದವಳ ಮನೆಗೆ ಇಬ್ಬರು ಹೋಗಿ ಬಂದರೆ ಇನ್ನೂ ಒಳ್ಳೆಯದು.

ನಿಮಗೀಗ ಅಂಕೆ ಬರೆಯಲು ಬರುತ್ತದೆ. ಹತ್ತಿರದ ನಾಲ್ಕು ಮನೆಯ ಫೋನ್ ನಂಬರನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ. ನಿಮ್ಮ ನಂಬರನ್ನೂ ಅವರಿಗೆ ಬರೆದು ಕೊಡಿ. ನಂಬರು ಕೇಳಲು ಮಕ್ಕಳನ್ನು ಕಳಿಸಬೇಡಿ, ನೀವೇ ನಡೆದು ಹೋಗಿ. ಕೈಯಲ್ಲಿ ಕತ್ತಿ ಇರಲಿ. ಕಾಲುದಾರಿಯಲ್ಲಿ ನಾಚಿಕೆಮುಳ್ಳು ಬೆಳೆದಿರುತ್ತದೆ, ಸವರಿಕೊಂಡು ಹೋಗಬೇಕು.