ಬಾನೆಟ್ ಆಮೇಲೆ ತೆಗೆಯಿರಿ, ಮೊದಲು ಬುಡ ನೋಡಿ

ಶೃಂಗೇರಿ ಬಳಿಯ ಕಿಗ್ಗದ ಋಷ್ಯಶೃಂಗೇಶ್ವರನ ಮುಂದೆ ಮಳೆ ಬರಲಿ ಎಂದೂ ಪೂಜೆ ಮಾಡಿಸುತ್ತಾರೆ, ಸುರಿದದ್ದು ಸಾಕು, ಬಿಡುವು ಕೊಡಲಿ ಎಂದೂ ಮಾಡಿಸುತ್ತಾರೆ. ಆರಿದ್ರೆಗೆ ಹಿಡಿದ ಮಳೆ ಪುಷ್ಯ, ಆಶ್ಲೇಷ ಬಂದರೂ ಬಿಡದ ಊರಿದು. ಹಂಚಿನಡಿಯ ಪಕಾಸೂ ಇಲ್ಲಿ ಲಡ್ಡಾಗುತ್ತದೆ, ಪೆಟ್ಟಿಗೆಯೊಳಗಿನ ಪಂಚೆಗೂ ಬೂಷ್ಟು ಹಿಡಿಯುತ್ತದೆ. ಆದರೂ ಹಳೇ ಕಾರು ನೋಡಲು ಹೋದಾಗ ಈ ಮಳೆಯನ್ನೇ ಮರೆತುಬಿಡುತ್ತೇವೆ. ಬಾನೆಟ್ ತೆಗೆಸಿ ಎಂಜಿನ್ ಸದ್ದು ಕೇಳುತ್ತೇವೆ, ಮೀಟರ್ ನೋಡುತ್ತೇವೆ, ಅಡ್ವಾನ್ಸ್ ಕೊಟ್ಟು ಬರುತ್ತೇವೆ.

ಅಡಿಕೆ ಮಾರಿದ ದುಡ್ಡಿನಲ್ಲಿ ಸಾಲ ತೀರಿಸಿ ಉಳಿದ ಲಕ್ಷ, ಒಂದೂವರೆ ಲಕ್ಷಕ್ಕೆ ಗಾಡಿ ಕೊಳ್ಳುವ ಮನೆಗೆ ಕಾರು ಶೋಕಿಯ ವಸ್ತುವಲ್ಲ. ಬ್ಯಾಂಕು, ಔಷಧಿ, ಶಾಲೆ ಎಲ್ಲಕ್ಕೂ ಶೃಂಗೇರಿಗೇ ಹೋಗಬೇಕು. ಅಪರಾತ್ರಿ ಯಾರಿಗಾದರೂ ಎದೆನೋವು ಬಂದರೆ ಘಾಟಿ ಇಳಿದು ಮಣಿಪಾಲ ಮುಟ್ಟಬೇಕು. ಅಂಥ ಮನೆ ಮೋಸಹೋದರೆ ಆ ವರ್ಷದ ಉಳಿತಾಯವೇ ಹೋದಂತೆ. ನನ್ನ ಮೊದಲ ಕಾರು ಒಂದು ಹಳೇ ಮಾರುತಿ 800. ಬೇಸಿಗೆಯಲ್ಲಿ ಕೊಂಡೆ, ಎಂಜಿನ್ ಗಡಿಯಾರದ ಹಾಗಿತ್ತು. ಜೂನ್ ಮುಗಿಯುವಷ್ಟರಲ್ಲಿ ಪಾದದ ಹತ್ತಿರ ನೀರು ನಿಲ್ಲತೊಡಗಿತು. ಮ್ಯಾಟ್ ಎತ್ತಿದರೆ, ತೂತಾದ ನೆಲಕ್ಕೆ ಇನ್ನೊಂದು ತಗಡು ಹಾಸಿ ಮೇಲೆ ಕಪ್ಪು ಬಳಿದಿದ್ದರು. ಟಿಂಕರಿಂಗ್‌ಗೆ ಹೋದ ದುಡ್ಡಿಗಿಂತ, ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಅದೇ ನೆಲದ ಮೇಲೆ ಮೂರು ತಿಂಗಳು ಓಡಾಡಿದೆನಲ್ಲ ಎಂಬುದು ಇವತ್ತಿಗೂ ಚುಚ್ಚುತ್ತದೆ.

ಹಳೇ ಕಾರಿನ ಬಗ್ಗೆ ನಮ್ಮಲ್ಲಿರುವ ತಪ್ಪು ನಂಬಿಕೆಗಳಲ್ಲಿ ಮೊದಲು ಕಿಲೋಮೀಟರಿನದನ್ನೇ ತೆಗೆದುಕೊಳ್ಳುತ್ತೇನೆ. "ಬರೀ ಮೂವತ್ತು ಸಾವಿರ ಓಡಿದೆ, ಮನೆಯಲ್ಲೇ ನಿಂತಿತ್ತು" ಎಂಬ ಮಾತು ಕೇಳಿದ ಕೂಡಲೇ ನಮ್ಮ ಮುಖ ಅರಳುತ್ತದೆ. ಮೀಟರಿನ ಅಂಕಿ ತಿದ್ದುವುದು ಕಷ್ಟವಲ್ಲ ಎನ್ನುವುದು ಹಾಗಿರಲಿ, ಅಂಕಿ ನಿಜವೇ ಎಂದುಕೊಳ್ಳೋಣ. ಮಲೆನಾಡಿನಲ್ಲಿ ಹನ್ನೆರಡು ಮಳೆಗಾಲ ನಿಂತೇ ಕಳೆದ ಗಾಡಿಗಿಂತ ದಿನಾ ಓಡಿದ ಗಾಡಿ ಎಷ್ಟೋ ಸಲ ಚೆನ್ನಾಗಿರುತ್ತದೆ. ನಿಂತ ಗಾಡಿಯ ಬ್ರೇಕ್ ಸಿಲಿಂಡರಿನೊಳಗೆ ತುಕ್ಕು ಕೂರುತ್ತದೆ, ರಬ್ಬರ್ ಸೀಲು, ಹೋಸ್ ಪೈಪು ಒಣಗಿ ಬಿರಿಯುತ್ತವೆ, ವೈರಿಂಗನ್ನು ಇಲಿ ಕಡಿಯುತ್ತದೆ. 800 ಮತ್ತು ಹಳೇ ಆಲ್ಟೋದ 796 ಸಿಸಿ ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಇದೆ. ಅದು ರಬ್ಬರಿನದು, ಓಡದಿದ್ದರೂ ವಯಸ್ಸಾಗುತ್ತದೆ. ಯಾವಾಗ ಬದಲಿಸಿದ್ದು ಎಂದು ಹೇಳುವವರಿಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ ಹಿಡಿದು ಬೆಲೆ ಮಾತಾಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2316 ಎಂದಿದ್ದರೆ 2016ರ 23ನೇ ವಾರ ತಯಾರಾದದ್ದು. ಹಲ್ಲು ಎಷ್ಟೇ ಎದ್ದು ಕಾಣಲಿ, ಅಷ್ಟು ಹಳೇ ರಬ್ಬರ್ ಗಟ್ಟಿಯಾಗಿ, ಒದ್ದೆ ರಸ್ತೆಯಲ್ಲಿ ಹಿಡಿತ ಬಿಡುತ್ತದೆ. ಪಾಚಿಗಟ್ಟಿದ ನಮ್ಮ ತಿರುವುಗಳಲ್ಲಿ ಇದು ಸಣ್ಣ ಮಾತಲ್ಲ.

ಇನ್ನೊಂದು ಮಾತು ನಂಬರ್ ಪ್ಲೇಟಿನ ಮೇಲೆ. "ಕೆಎ-19, ಕೆಎ-20 ಮುಟ್ಟಬೇಡಿ, ಉಪ್ಪುಗಾಳಿ ತಿಂದ ಗಾಡಿ, ನಮ್ಮ ಕೆಎ-18 ಆದರೆ ಭಯವಿಲ್ಲ." ಅರ್ಧ ಸತ್ಯ ಇದು. ಉಪ್ಪು ಸೇರಿದ ನೀರು ತುಕ್ಕನ್ನು ಬೇಗ ಹರಡಿಸುತ್ತದೆ ನಿಜ, ಮಂಗಳೂರು, ಉಡುಪಿಯ ಕಡಲಂಚಿನಲ್ಲಿ ನಿಂತ ಗಾಡಿಯನ್ನು ಎರಡು ಸಲ ನೋಡಲೇಬೇಕು. ಆದರೆ ಪ್ಲೇಟು ಹೇಳುವುದು ಗಾಡಿ ಎಲ್ಲಿ ರಿಜಿಸ್ಟರ್ ಆಯಿತು ಎಂಬುದನ್ನು ಮಾತ್ರ. ಎಲ್ಲಿ ಬದುಕಿತು ಎಂಬುದನ್ನು ಅದು ಹೇಳುವುದಿಲ್ಲ. ಮಾಡು ಸೋರುವ ಕೊಟ್ಟಿಗೆಯಲ್ಲಿ, ಕೆಸರು ಮೆತ್ತಿದ ಮಡ್‌ಗಾರ್ಡು ತೊಳೆಯದೆ, ನಾಲ್ಕು ತಿಂಗಳು ಒದ್ದೆಯಾಗಿ ನಿಂತ ಕೆಎ-18ಕ್ಕೆ ಉಪ್ಪೇ ಬೇಕಿಲ್ಲ.

ಹೋಗುವಾಗ ಒಂದು ಟಾರ್ಚು, ಸ್ಕ್ರೂಡ್ರೈವರು, ಸಣ್ಣ ಅಯಸ್ಕಾಂತ ಜೇಬಿನಲ್ಲಿರಲಿ. ಪಂಚೆ ಕೊಳೆಯಾಗುತ್ತದೆ ಎಂದು ಹಿಂಜರಿಯದೆ ನೆಲಕ್ಕೆ ಮೈ ಚೆಲ್ಲಿ ಅಡಿಗೆ ನೋಡಿ. ಬಾಗಿಲ ಕೆಳಗಿನ ಉದ್ದ ಪಟ್ಟಿ, ಜಾಕ್ ಕೊಡುವ ಜಾಗ, ಪಾದದಡಿಯ ನೆಲ, ಸ್ಟೆಪ್ನಿ ಕೂರುವ ಗುಂಡಿ, ಬ್ಯಾಟರಿ ಕೂರುವ ತಟ್ಟೆ. ಎಲ್ಲಕ್ಕಿಂತ ಮುಖ್ಯ, ಬಾನೆಟ್ಟಿನ ಒಳಗೆ ಎರಡೂ ಬದಿ ಶಾಕ್ ಅಬ್ಸಾರ್ಬರಿನ ತಲೆ ಕೂರುವ ಜಾಗ. ಮೇಲ್ಮೈ ಕೆಂಪಾಗಿದ್ದರೆ ಉಜ್ಜಿ ಬಣ್ಣ ಬಳಿಯಬಹುದು. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಕಣಕಣ ಎನ್ನದೆ ದಬ್ಬೆಂದರೆ, ಪದರು ಉದುರಿದರೆ, ಅದು ಲಡ್ಡು. ಅಯಸ್ಕಾಂತ ಅಂಟದ ಕಡೆ ಬಣ್ಣದಡಿ ಪುಟ್ಟಿ ಇದೆ ಎಂದರ್ಥ. "ಅಂಡರ್‌ಕೋಟಿಂಗ್ ಹೊಡೆಸಿದ್ದೇವೆ" ಎಂದರೆ ಸಂತೋಷಪಡುವ ಮೊದಲು ಯಾವಾಗ ಹೊಡೆಸಿದ್ದು ಎಂದು ಕೇಳಿ. ಹೊಸ ತಗಡಿಗೆ ಹೊಡೆದದ್ದು ರಕ್ಷಣೆ. ತುಕ್ಕಿನ ಮೇಲೆ, ಮಾರುವ ಮುಂಚಿನ ವಾರ ಹೊಡೆದದ್ದು ಒಳಗಿನ ಪಸೆಯನ್ನು ಅಲ್ಲೇ ಮುಚ್ಚಿಡುತ್ತದೆ. ಎಂಜಿನ್ ಹೋದರೆ ಗುಜರಿಯಿಂದ ಬೇರೆ ತಂದು ಕೂರಿಸಬಹುದು. ಬುಡವೇ ಲಡ್ಡಾದ ಗಾಡಿಯನ್ನು ಕಡಿಮೆ ದುಡ್ಡಿನಲ್ಲಿ ಉಳಿಸಿದ್ದನ್ನು ನಾನು ಕಂಡಿಲ್ಲ.

ನೆರೆ ನೀರಿನಲ್ಲಿ ಮುಳುಗಿದ ಗಾಡಿಯನ್ನು ತೊಳೆದು ಮಾರುವವರಿದ್ದಾರೆ. ಸೀಟ್ ಬೆಲ್ಟನ್ನು ಪೂರ್ತಿ ಕೊನೆಯವರೆಗೆ ಎಳೆದು ನೋಡಿ; ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಹಾಗೆಯೇ, ನೀವು ಬರುವ ಮೊದಲು ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು ಫೋನಿನಲ್ಲೇ ಹೇಳಿ. ತಣ್ಣಗಿದ್ದಾಗ ಹೊಡೆಯುವ ಮೊದಲ ಸೆಲ್ಫ್, ಸೈಲೆನ್ಸರಿನ ಮೊದಲ ಹೊಗೆ ಸುಳ್ಳು ಹೇಳುವುದಿಲ್ಲ. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ದಪ್ಪ ಆಯಿಲ್ ಹಾಕಿ ಆ ಹೊಗೆಯನ್ನು ನಾಲ್ಕು ದಿನ ಅಡಗಿಸಬಹುದು, ರಿಪೇರಿ ಅದಲ್ಲ.

"ಈ ಚಳಿ ಊರಲ್ಲಿ ಎಸಿ ಯಾಕೆ? ಎಸಿ ಹಾಳಾದ ಗಾಡಿ ಅಗ್ಗಕ್ಕೆ ಸಿಗುತ್ತದೆ" ಎನ್ನುವ ಲೆಕ್ಕವೂ ತಪ್ಪು. ಎಸಿ ಗಾಳಿ ತಂಪು ಮಾಡುವುದರ ಜೊತೆಗೆ ಅದರೊಳಗಿನ ತೇವ ತೆಗೆಯುತ್ತದೆ. ಒದ್ದೆ ಬಟ್ಟೆಯ ಐದು ಜನ ಕೂತು, ಗಾಜು ಏರಿಸಿ, ಕೆರೆಕಟ್ಟೆ ದಾರಿಯಲ್ಲಿ ರಾತ್ರಿ ಹೊರಟರೆ ಎರಡೇ ನಿಮಿಷದಲ್ಲಿ ಮುಂದಿನ ಗಾಜು ಮಂಜುಗಟ್ಟುತ್ತದೆ. ಒಂದು ಕೈಯಲ್ಲಿ ಬಟ್ಟೆ ಹಿಡಿದು ಒರೆಸುತ್ತಾ ಇನ್ನೊಂದು ಕೈಯಲ್ಲಿ ಸ್ಟಿಯರಿಂಗ್ ತಿರುಗಿಸುವುದನ್ನು ನಾವು ಜಾಣತನ ಎಂದುಕೊಂಡಿದ್ದೇವೆ. ಎಸಿ ಹಾಕಿ ಗಾಳಿಯನ್ನು ಗಾಜಿನ ಕಡೆ ಬಿಟ್ಟರೆ ಆ ಮಂಜು ಕರಗುತ್ತದೆ. ನನ್ನ ಲೆಕ್ಕದಲ್ಲಿ ಮಲೆನಾಡಿನಲ್ಲಿ ಎಸಿ ವೈಪರಿನ ಜೊತೆಗಾರ.

ಇನ್ನು ಘಾಟಿಯ ವಿಷಯ. "ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ, ಪೆಟ್ರೋಲ್ ಉಳಿಯುತ್ತದೆ." ಅಪ್ಪ ಮಗನಿಗೆ, ಮಗ ತಮ್ಮನಿಗೆ ಹೇಳಿಕೊಟ್ಟು ಬಂದ ಪಾಠ ಇದು. ಕಾರ್ಬುರೇಟರ್ ಕಾಲದಲ್ಲಿ ಹುಟ್ಟಿದ ಮಾತು. ಇಂಧನ ಇಂಜೆಕ್ಷನ್ ಇರುವ ಗಾಡಿ, ಎಂದರೆ ಇವತ್ತು ಸೆಕೆಂಡ್ ಹ್ಯಾಂಡಿನಲ್ಲಿ ಸಿಗುವ ಹೆಚ್ಚಿನವು, ಗೇರಿನಲ್ಲಿದ್ದು ನೀವು ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನಿಗೆ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ನ್ಯೂಟ್ರಲ್ ಹಾಕಿದರೆ ಎಂಜಿನ್ ತಾನೇ ಉರಿಯಬೇಕು, ಅದಕ್ಕೆ ಪೆಟ್ರೋಲ್ ಬೇಕು. ಉಳಿಸಲು ಹೋಗಿ ಕಳೆದುಕೊಳ್ಳುತ್ತೇವೆ.

ಪೆಟ್ರೋಲಿನ ಮಾತು ಬಿಡಿ, ಜೀವದ ಮಾತಿದೆ. ಆಗುಂಬೆ ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳಿವೆ. ಎಸ್.ಕೆ. ಬಾರ್ಡರ್ ದಾಟಿ ಮಾಳ, ಬಜಗೋಳಿಗೆ ಇಳಿಯುವ ದಾರಿಯೂ ಹಾಗೆಯೇ ಬಳುಕುತ್ತದೆ. ನ್ಯೂಟ್ರಲ್‌ನಲ್ಲಿ ಇಳಿದರೆ ಇಡೀ ಭಾರ ಬ್ರೇಕಿನ ಮೇಲೆ, ಬ್ರೇಕ್ ಕಾಯುತ್ತದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುವ ಗುಣದ್ದು. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ಅದೇ ಆಯಿಲ್ ಶೇಕಡಾ ನಾಲ್ಕರ ಹತ್ತಿರ ನೀರು ಹೀರಿಕೊಂಡರೆ ಆ ಮಟ್ಟ 140ಕ್ಕೆ ಇಳಿಯುತ್ತದೆ. ಡಾಟ್ 4ರದು 230 ಮತ್ತು 155. ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ತುಂಬುತ್ತದೆ. ಆವಿ ಒತ್ತಿದರೆ ಅದುಮಿಕೊಳ್ಳುತ್ತದೆ, ಪೆಡಲ್ ನೆಲಕ್ಕೆ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. "ಬ್ರೇಕ್ ಚೆನ್ನಾಗಿ ಹಿಡಿಯುತ್ತಿತ್ತು, ಹತ್ತನೇ ತಿರುವಿನಲ್ಲಿ ಇದ್ದಕ್ಕಿದ್ದಂತೆ ಕೈಕೊಟ್ಟಿತು" ಎನ್ನುವವರ ಕಥೆ ಸಾಮಾನ್ಯವಾಗಿ ಇಷ್ಟೇ. ಸಮತಟ್ಟಾದ ರಸ್ತೆಯಲ್ಲಿ ಟ್ರಯಲ್ ನೋಡಿದಾಗ ಇದು ಗೊತ್ತಾಗುವುದಿಲ್ಲ. ವರ್ಷದ ಅರ್ಧ ತೇವದಲ್ಲೇ ಇರುವ ನಮ್ಮ ಕಡೆ ಎರಡು ವರ್ಷಕ್ಕೊಮ್ಮೆ ಈ ಆಯಿಲ್ ಬದಲಿಸಲೇಬೇಕು. ಹಳೇ ಗಾಡಿ ಕೊಂಡ ಮೊದಲ ವಾರವೇ, ಹಿಂದಿನವರು ಏನೇ ಹೇಳಲಿ, ಬದಲಿಸಿಬಿಡಿ. ಕೆಲವೇ ನೂರು ರೂಪಾಯಿಯ ಕೆಲಸ. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎನ್ನುತ್ತಿದ್ದ ಹಳೇ ಲಾರಿ ಡ್ರೈವರುಗಳ ಮಾತು ಇವತ್ತಿಗೂ ಸರಿ.

ಗ್ಯಾರೇಜಿನಲ್ಲೇ ಹುಟ್ಟಿದ ಇನ್ನೊಂದು ತಪ್ಪು, ಥರ್ಮೋಸ್ಟಾಟ್ ವಾಲ್ವ್ ಕಿತ್ತು ಬಿಸಾಡುವುದು. "ಘಾಟಿ ಹತ್ತುವಾಗ ಎಂಜಿನ್ ತಂಪಾಗಿರುತ್ತದೆ" ಎನ್ನುತ್ತಾರೆ. ಆ ವಾಲ್ವ್ ಇರುವುದೇ ಎಂಜಿನ್ ಬೇಗ ಹದವಾದ ಬಿಸಿಗೆ ಬರಲಿ ಎಂದು. ಅದಿಲ್ಲದೆ ಕಿಗ್ಗದಿಂದ ಶೃಂಗೇರಿ ಮುಟ್ಟಿದರೂ ಎಂಜಿನ್ ಬಿಸಿಯಾಗದು. ತಣ್ಣಗಿದೆ ಎಂದು ಇಂಜೆಕ್ಷನ್ ಹೆಚ್ಚು ಪೆಟ್ರೋಲ್ ಬಿಡುತ್ತದೆ, ಸವೆತವೂ ಹೆಚ್ಚು. ಅಷ್ಟು ದೂರ ಓಡಿಸಿದ ಮೇಲೂ ಟೆಂಪರೇಚರ್ ಮುಳ್ಳು ಮಲಗಿದ್ದರೆ ವಾಲ್ವ್ ಇಲ್ಲ ಎಂದು ಶಂಕಿಸಿ. ಕೂಲಂಟ್ ಬದಲು ಬಾವಿ ನೀರು ತುಂಬುವುದೂ ಬೇಡ. ಕೂಲಂಟ್ ಒಳಗೆ ತುಕ್ಕು ತಡೆಯುತ್ತದೆ, ನೀರು ತುಕ್ಕು ಕೊಡುತ್ತದೆ.

ಈಗ ಕಾಗದ. "15 ವರ್ಷ ಆದ ಗಾಡಿ ಗುಜರಿಗೇ ಹಾಕಬೇಕು" ಎಂಬ ಸುದ್ದಿ ದೆಹಲಿಯಿಂದ ಬಂದದ್ದು. ಅಲ್ಲಿ ಹಳೇ ಡೀಸೆಲ್, ಪೆಟ್ರೋಲ್ ಗಾಡಿಗಳಿಗೆ 10 ಮತ್ತು 15 ವರ್ಷದ ಗಡಿ ಹಾಕಿದ್ದರು. ಕರ್ನಾಟಕದಲ್ಲಿ ಆ ನಿಯಮವಿಲ್ಲ. ಇಲ್ಲಿ 15 ವರ್ಷಕ್ಕೆ ಆರ್‌ಸಿ ಅವಧಿ ಮುಗಿಯುತ್ತದೆ. ಗಾಡಿ ತೋರಿಸಿ, ಪರೀಕ್ಷೆಯಲ್ಲಿ ಪಾಸಾದರೆ ಐದು ವರ್ಷಕ್ಕೆ ನವೀಕರಣವಾಗುತ್ತದೆ. ಖರ್ಚು ಮಾತ್ರ ಏರಿದೆ. 2022ರ ಏಪ್ರಿಲ್‌ನಲ್ಲಿ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಹೋಯಿತು, 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 10,000 ಆಯಿತು. ಮೇಲೆ ಹಸಿರು ತೆರಿಗೆ. ಮಾರುತಿ 800 ತಯಾರಿ ನಿಂತದ್ದು 2014ರ ಜನವರಿಯಲ್ಲಿ. ಆದ್ದರಿಂದ ಈಗ ಸಿಗುವ 800ಗಳಲ್ಲಿ ಹೆಚ್ಚಿನವು 15 ವರ್ಷದ ಗಡಿ ಮುಟ್ಟಿದವು ಅಥವಾ ಮುಟ್ಟಲಿರುವವು. ಈ ಮೊತ್ತವನ್ನು ಬೆಲೆಯಲ್ಲಿ ಇಳಿಸಿಯೇ ಮಾತಾಡಿ.

"ಸ್ಟಾಂಪ್ ಪೇಪರಿನಲ್ಲಿ ಬರೆಸಿಕೊಂಡಿದ್ದೇವೆ, 29, 30ನೇ ಫಾರ್ಮಿಗೆ ಸಹಿ ಆಗಿದೆ, ಟ್ರಾನ್ಸ್‌ಫರ್ ನಿಧಾನ ಮಾಡಿಸಿದರಾಯಿತು." ನನಗೆ ತುಂಬಾ ಭಯ ಹುಟ್ಟಿಸುವ ಮಾತು ಇದು. ಮೋಟಾರು ವಾಹನ ಕಾಯ್ದೆ 1988ರ 50ನೇ ಕಲಮಿನ ಪ್ರಕಾರ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ತೀರ್ಮಾನಿಸಿದ ಒಂದು ಪ್ರಕರಣ ಹೀಗಿದೆ. ಮಾಲೀಕರು 2007ರಲ್ಲೇ ಕಾರು ಮಾರಿದ್ದರು. ಅದು ಕೈಯಿಂದ ಕೈಗೆ ದಾಟುತ್ತಾ ಹೋಯಿತು, ಹೆಸರು ಬದಲಾಗಲಿಲ್ಲ. 2009ರಲ್ಲಿ ಅಪಘಾತವಾಗಿ ಜೀವ ಹೋಯಿತು. ದಾಖಲೆಯಲ್ಲಿ ಹೆಸರಿದ್ದ ಮೊದಲ ಮಾಲೀಕರೇ ಪರಿಹಾರಕ್ಕೆ ಹೊಣೆ ಎಂದು ಕೋರ್ಟು ಹೇಳಿತು. ಗಾಡಿ ಮಾರುವ ಅಕ್ಕಪಕ್ಕದವರಿಗೂ ಇದನ್ನು ಹೇಳಿ. ಕೊಳ್ಳುವವರಷ್ಟೇ ಅವರಿಗೂ ಇದು ಬೇಕು. ಸಾಲದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ ಮತ್ತು 35ನೇ ಫಾರ್ಮ್ ಕೈಗೆ ಬಂದ ಮೇಲೆಯೇ ಪೂರ್ತಿ ಹಣ ಕೊಡಿ. ಆರ್‌ಸಿ, ಇನ್ಶೂರೆನ್ಸ್, ಸಾಲದ ವಿವರ ಎಂಪರಿವಾಹನ್ ಆ್ಯಪಿನಲ್ಲಿ ಕಾಣುತ್ತದೆ. ಇನ್ಶೂರೆನ್ಸನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಿಂದಿನವರು ಗಳಿಸಿದ ನೋ ಕ್ಲೇಮ್ ಬೋನಸ್ ಅವರದ್ದೇ, ಗಾಡಿಯ ಜೊತೆ ಬರುವುದಿಲ್ಲ.

ಕೈಯಲ್ಲಿ ಒಂದೂವರೆ ಲಕ್ಷವಿದ್ದರೆ ಒಂದೂವರೆ ಲಕ್ಷದ ಗಾಡಿ ಹುಡುಕಬೇಡಿ. ಒಂದು ಲಕ್ಷ, ಒಂದು ಲಕ್ಷದ ಹತ್ತು ಸಾವಿರದ್ದು ಹುಡುಕಿ, ಉಳಿದದ್ದನ್ನು ಬೇರೆ ತೆಗೆದಿಡಿ. ಆ ಹಣದಲ್ಲಿ ಮೊದಲು ಬ್ರೇಕು, ಟೈರು, ಸ್ಟಿಯರಿಂಗಿನ ಬಾಲ್ ಜಾಯಿಂಟು, ಆಮೇಲೆ ವೈಪರು, ಲೈಟು, ಸೋರಿಕೆ. ಬಣ್ಣ, ಸೀಟ್ ಕವರು, ಮ್ಯೂಸಿಕ್ ಸಿಸ್ಟಮ್ ಮುಂದಿನ ಕೊಯ್ಲಿಗೆ ಕಾಯಲಿ. ನೋಡಲು ಚೆಂದವಾಗಲಿ ಎಂದು ಮೊದಲು ಬಣ್ಣ ಹೊಡೆಸಿ, ಘಾಟಿಯಲ್ಲಿ ಬ್ರೇಕಿಲ್ಲದೆ ಒದ್ದಾಡಿದವರನ್ನು ಕಂಡಿದ್ದೇನೆ.

ಕೊಂಡು ತಂದ ಮೇಲೆ ಮುಂಗಾರಿಗೆ ಮೊದಲು ಒಂದು ಕೆಲಸ ನಿಮ್ಮ ಕೈಯಲ್ಲೇ ಆಗುತ್ತದೆ. ಬಾಗಿಲಿನ ತಳದಲ್ಲಿ ನೀರಿಳಿಯಲು ಸಣ್ಣ ಸಣ್ಣ ತೂತುಗಳಿರುತ್ತವೆ, ವೈಪರಿನ ಬುಡದ ಜಾಲರಿಯಡಿಯಲ್ಲೂ ಇರುತ್ತವೆ. ತರಗೆಲೆ, ಮಣ್ಣು ಕಟ್ಟಿ ಅವು ಮುಚ್ಚಿದರೆ ನೀರು ಒಳಗೇ ನಿಲ್ಲುತ್ತದೆ, ಬಾಗಿಲು ಒಳಗಿನಿಂದ ಲಡ್ಡಾಗುತ್ತದೆ. ಗಾಡಿ ಅಲುಗಾಡಿಸಿದಾಗ ಬಾಗಿಲಲ್ಲಿ ಕುಳುಕುಳು ಸದ್ದಾದರೆ ಇದೇ ಕಾರಣ. ಹಿಡಿಸೂಡಿಯಿಂದ ಒಂದು ಗಟ್ಟಿ ಕಡ್ಡಿ ಕಿತ್ತುಕೊಂಡು, ಬಗ್ಗಿ ಕೂತು, ಒಂದೊಂದೇ ತೂತನ್ನು ಚುಚ್ಚಿ ಬಿಡಿಸಿ, ಕೊಡದಲ್ಲಿ ನೀರು ಹೊಯ್ದು ಎಲ್ಲದರಿಂದಲೂ ಇಳಿಯುತ್ತಿದೆಯೇ ನೋಡಿ.