ಗಂಟೆ ಹೊಡೆದರೆ ಮುಂದಿನ ಮೇಜು

ಸ್ಪೀಡ್ ಡೇಟಿಂಗ್ ಎಂದ ಕೂಡಲೇ ನಮ್ಮವರಲ್ಲಿ ಅನೇಕರು ಮೂಗು ಮುರಿಯುತ್ತಾರೆ. ಆದರೆ ಇದು ಹುಟ್ಟಿದ್ದು ಮೋಜಿಗಲ್ಲ, ಮದುವೆಗೆ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಯಾಕೊವ್ ಡೇಯೊ ಎಂಬ ಯಹೂದಿ ಧರ್ಮಗುರು ಇದನ್ನು ಶುರುಮಾಡಿದರು. ಅಷ್ಟು ದೊಡ್ಡ ನಗರದಲ್ಲಿ ಚದುರಿಹೋದ ತಮ್ಮ ಜನರ ಹುಡುಗ ಹುಡುಗಿಯರು ಒಬ್ಬರಿಗೊಬ್ಬರು ಸಿಗಲಿ ಎಂಬುದು ಅವರ ಉದ್ದೇಶ. ಮುಂಬಯಿಯಲ್ಲೋ ಪುಣೆಯಲ್ಲೋ ಮಗಳಿಗೆ ಕನ್ನಡದ ಗಂಡು ಹುಡುಕುತ್ತಿರುವ ತಾಯಂದಿರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ.

ಕಳೆದ ವರ್ಷ ಅಂಧೇರಿಯ ಕೆಫೆಯೊಂದರಲ್ಲಿ ನಡೆದ ಇಂಥ ಕಾರ್ಯಕ್ರಮಕ್ಕೆ ನಾನೂ ಹೋಗಿದ್ದೆ. ಟಿಕೆಟ್ ಮೊದಲೇ ಆನ್‌ಲೈನಿನಲ್ಲಿ ಕೊಳ್ಳಬೇಕು. ಬಾಗಿಲಲ್ಲಿ ಗುರುತಿನ ಚೀಟಿ ನೋಡಿ, ಹೆಸರಿನ ಸ್ಟಿಕ್ಕರ್ ಕೊಟ್ಟರು. ಬರೀ ಹೆಸರು, ಅಡ್ಡಹೆಸರಿಲ್ಲ. ಅಡ್ಡಹೆಸರು ಕೇಳಿಯೇ ಜಾತಿ ಲೆಕ್ಕಹಾಕುವ ನಮ್ಮ ದೇಶದಲ್ಲಿ ಅದೇ ಒಂದು ಕ್ರಾಂತಿ ಅನ್ನಿಸಿತು. ಹನ್ನೆರಡು ಮೇಜು. ಹೆಂಗಸರು ಕೂತಲ್ಲೇ ಕೂರುವುದು, ಐದು ನಿಮಿಷಕ್ಕೊಮ್ಮೆ ಗಂಟೆ ಹೊಡೆದಾಗ ಗಂಡಸರು ಎದ್ದು ಮುಂದಿನ ಮೇಜಿಗೆ ಹೋಗುವುದು.

ಬಂದವರಲ್ಲಿ ಹೆಚ್ಚಿನವರು ಆ್ಯಪ್‌ಗಳಲ್ಲಿ ತಿಂಗಳುಗಟ್ಟಲೆ ಚಾಟ್ ಮಾಡಿ, ಒಮ್ಮೆಯೂ ಭೇಟಿಯಾಗದೆ ಬೇಸತ್ತವರು. ವಿಚ್ಛೇದನವಾದವರೂ ಇದ್ದರು. ಒಬ್ಬಾತ ಕೂತ ಮೊದಲ ನಿಮಿಷದಲ್ಲೇ ನನ್ನ ಸಂಬಳ ಕೇಳಿದ. ಉಳಿದ ನಾಲ್ಕು ನಿಮಿಷ ಕಳೆಯುವುದು ಕಷ್ಟವಾಯಿತು. ನೆನಪಲ್ಲಿ ಉಳಿದವರು ವಿರಾರಿನಿಂದ ಬಂದಿದ್ದ ನಲವತ್ತರ ಆಸುಪಾಸಿನ ಒಬ್ಬರು. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿದ್ದಾರೆ, ಸಂಬಂಧ ನೋಡಲು, ಕೇಳಲು ಹೋಗಲು ತನಗೆ ಯಾರೂ ಇಲ್ಲ, ಅದಕ್ಕೇ ತಾನೇ ಬಂದೆ ಎಂದರು. ಹೇಳಿ ಮುಗಿಸುವಷ್ಟರಲ್ಲಿ ಗಂಟೆ ಹೊಡೆಯಿತು.

ಕೊನೆಯಲ್ಲಿ ಕಾರ್ಡಿನ ಮೇಲೆ ಯಾರು ಇಷ್ಟವಾದರೋ ಅವರ ಹೆಸರಿಗೆ ಗುರುತು ಹಾಕಬೇಕು. ಇಬ್ಬರೂ ಗುರುತು ಹಾಕಿದ್ದರೆ ಮಾತ್ರ ಮರುದಿನ ಫೋನ್ ನಂಬರ್ ಬರುತ್ತದೆ. ಇಡೀ ಏರ್ಪಾಟಿನಲ್ಲಿ ನನಗೆ ಹಿಡಿಸಿದ್ದು ಇದೇ. ಯಾರೂ ಯಾರ ಮುಖಕ್ಕೂ ಬೇಡ ಅನ್ನಬೇಕಿಲ್ಲ. ಉಪ್ಪಿಟ್ಟು ಕೇಸರಿಬಾತ್ ತಿಂದು, ‘ಊರಿಗೆ ಹೋಗಿ ತಿಳಿಸ್ತೀವಿ’ ಎಂದು ಎದ್ದವರ ಉತ್ತರಕ್ಕೆ ಮನೆಮಂದಿಯೆಲ್ಲ ಕಾದ ದಿನಗಳು ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಐದು ನಿಮಿಷದಲ್ಲಿ ಮಾತುಗಾರರೇ ಗೆಲ್ಲುತ್ತಾರೆ, ಸಂಕೋಚದವರು ಸೋಲುತ್ತಾರೆ ಎಂಬ ದೂರು ಸುಳ್ಳಲ್ಲ. ಕುರ್ಚಿಯ ಮಹಿಮೆಯೂ ಉಂಟು. ಅಮೆರಿಕದ ಎಲೈ ಫಿಂಕೆಲ್ ಮತ್ತು ಪಾಲ್ ಈಸ್ಟ್‌ವಿಕ್ ಎಂಬ ಮನಶ್ಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಂಗಸರು ಎದ್ದು ಓಡಾಡಿ ಗಂಡಸರು ಕೂತಲ್ಲೇ ಕೂತಾಗ, ಹೆಂಗಸರೇ ಹೆಚ್ಚು ಅಳೆದು ಸುರಿದು ಆರಿಸುತ್ತಾರೆ ಎಂಬ ವ್ಯತ್ಯಾಸ ಮಾಯವಾಗಿತ್ತು. ಅದಕ್ಕೂ ಹಿಂದಿನ ವರ್ಷ ಅವರು ಇನ್ನೊಂದನ್ನು ಕಂಡಿದ್ದರು: ‘ಇಂಥವರು ಬೇಕು’ ಎಂದು ಜನ ಮೊದಲೇ ಹೇಳಿದ್ದಕ್ಕೂ, ಎದುರು ಕೂತ ಮೇಲೆ ಮೆಚ್ಚಿದ್ದಕ್ಕೂ ಹೇಳಿಕೊಳ್ಳುವಂಥ ನಂಟಿರಲಿಲ್ಲ.

ನಮ್ಮ ವಧು-ವರರ ಸಮಾವೇಶಗಳೋ ಆ ಪಟ್ಟಿಯ ಮೇಲೆಯೇ ನಿಂತಿವೆ. ವೇದಿಕೆ ಹತ್ತಿ ಮೈಕಿನಲ್ಲಿ ಗೋತ್ರ, ಎತ್ತರ, ಸಂಬಳ ಹೇಳುವುದು. ಕೆಳಗೆ ಅಪ್ಪಂದಿರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ಎಷ್ಟೋ ಸಲ ಹುಡುಗ ಹುಡುಗಿ ಒಂದು ಮಾತೂ ಆಡದೆ ಊಟ ಮುಗಿಸಿ ಮನೆಗೆ ಹೋಗುತ್ತಾರೆ. ಒಂದೇ ಒಂದು ಗಂಟೆ ಮೈಕ್ ಬಂದ್ ಮಾಡಿ, ಮೇಜು ಹಾಕಿಸಿ ನೋಡಿ ಎಂದು ನಮ್ಮ ಸಂಘದ ಹಿರಿಯರೊಬ್ಬರಿಗೆ ಹೇಳಿದೆ. ಗಮನವಿಟ್ಟು ಕೇಳಿದರು.

“ಅದೆಲ್ಲ ಸರೀನಮ್ಮಾ, ಅಷ್ಟು ಹೊತ್ತು ಅಪ್ಪ ಅಮ್ಮಂದಿರನ್ನ ಎಲ್ಲಿ ಕೂರಿಸೋದು?”

ಊಟದ ಹಾಲಿನಲ್ಲಿ ಎಂದೆ. ಮುಂದಿನ ಸಭೆಯಲ್ಲಿ ವಿಷಯ ಇಡುತ್ತಾರಂತೆ.